ಶಿದ್ರಾಮಪ್ಪ ಮಾಸ್ತರರ ಎದ್ದು ಬರುವ ಗಮ್ಮು

“ನೋಡವಾ ನೀಲಾ, ಇದು ನೆಲಕ್ಕ ಅಂಟೂದಿಲ್ಲ ಅಂತ ನಾ ಹೇಳೂದಿಲ್ಲ. ಅಂಟತೈತಿ! ಆದ್ರ ಎದ್ದ್ ಬಾ ಅಂದ್ರ ಬರತೈತಿ!” ಎಂದು ನಿವೃತ್ತ ವಿಜ್ಞಾನದ ಮೇಷ್ಟ್ರು ಶಿದ್ರಾಮಪ್ಪ ತಾವೇ ತಯಾರಿಸಿ ಬಾಯಲ್ಲಿಟ್ಟುಕೊಂಡಿದ್ದ ಹಸಿರು ಚೂಯಿಂಗ್ ಗಮ್ಮನ್ನು ಬಸ್ ನಿಲ್ದಾಣದ ಮೂರನೇ ಪ್ಲಾಟ್‌ಫಾರ್ಮಿನ ಮೇಲೆ ಉಗುಳಿ, ಚಪ್ಪಲಿಯಿಂದ ಚೆನ್ನಾಗಿ ತಿಕ್ಕಿದರು.

ತಂಗಿ ನೀಲಗಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ಆ ನಿಲ್ದಾಣದ ಸ್ವಚ್ಛತೆಯ ಮೇಲ್ವಿಚಾರಣೆ ಅವಳದು. ಹದಿನಾರು ವರ್ಷ ಕಬ್ಬಿಣದ ಪಟ್ಟಿ ಹಿಡಿದು ಊರ ಜನ ಉಗುಳಿದ ಗಮ್ಮು ಕೆರೆದವಳು. ಇನ್ನೊಂದು ತಾಸಿಗೆ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಒಂದೇ ಒಂದು ಗಮ್ಮು ಕಂಡರೂ ಅವಳ ನೌಕರಿ ಇಲ್ಲ, ಕಾಣದಿದ್ದರೆ ಇದೆ ಎಂದು ಹೋದ ವಾರ ಎಲ್ಲರೆದುರು ಸಾರಿ ಹೋಗಿದ್ದರು. ಇಲ್ಲಿ ನೋಡಿದರೆ ಒಡಹುಟ್ಟಿದವನೇ ಉಗುಳುತ್ತಿದ್ದಾನೆ!

“ಅಣ್ಣಾ, ನನ್ನ ನೌಕರಿ ತಿಂದ ಮ್ಯಾಲೇ ಸುಮ್ಮನಾಗ್ತೀಯೇನು?”

“ತಡಿಯವಾ!” ಮಾಸ್ತರರು ಸೀಸೆಯಿಂದ ಒಂದು ಹನಿ ಸುಣ್ಣದ ತಿಳಿನೀರು ಬಿಟ್ಟರು. ಗಮ್ಮು ಮೈಮುರಿದು ಎದ್ದಿತು! ಉಂಡೆಯಾಗಿ ಉರುಳಿ, ಯಾವ ಕಾಲದಲ್ಲೋ ಕಲ್ಲಾಗಿದ್ದ ಪಕ್ಕದ ಗಮ್ಮನ್ನೂ ತಬ್ಬಿ ಕಿತ್ತುಕೊಂಡು ಬಂದು ಮಾಸ್ತರರ ಕಾಲ ಬಳಿ ನಿಂತಿತು.

“ಸುಣ್ಣ ಮುಟ್ಟಿದ್ರ ಎದ್ದs ಬಿಡತೈತಿ. ತನಗಂಟಿದ್ದನ್ನ ಮಾತ್ರ ಬಿಡೂದಿಲ್ಲ!”

ನೀಲಗಂಗವ್ವನಿಗೆ ಹೋದ ಜೀವ ಬಂದಂತಾಯಿತು.

ಹೇಳಿದ ಹೊತ್ತಿಗೆ ದೊಡ್ಡ ಸಾಹೇಬರು ಹಂಪಣ್ಣವರ ಬಂದರು. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡು ನಾಲ್ಕೇ ದಿನವಾಗಿತ್ತು. ಬೈಯುವಾಗಲೂ ನಗುತ್ತಲೇ ಬೈಯುತ್ತಿದ್ದರು. ಬಂದವರನ್ನು ಬರಿಬಾಯಲ್ಲಿ ಕೂರಿಸುವುದುಂಟೇ? ಅವಲಕ್ಕಿಯಾಯಿತು, ಚಹಾ ಆಯಿತು, ಕೊನೆಗೆ ನೀಲಗಂಗವ್ವ ತನ್ನ ಕೈಯಾರೆ ಎಲೆಯಡಿಕೆ ಮಾಡಿಕೊಟ್ಟಳು. ಸಾಹೇಬರು ಕಣ್ಣುಮುಚ್ಚಿ ಜಗಿದು ನುಂಗಿದರು. ಮಾಸ್ತರರಿಗೆ ಇನ್ನು ತಡೆಯಲಾಗಲಿಲ್ಲ.

“ಸಾಹೇಬ್ರ, ಈ ಗಮ್ಮು ನೀವs ಜಗದು ನೋಡ್ರಿ!”

ಸಾಹೇಬರು ಮಾಸ್ತರರು ಚಾಚಿದ ಹೊಸ ಗಮ್ಮನ್ನು ಬಾಯಿಗೆ ಹಾಕಿಕೊಂಡರು. ನೀಲಗಂಗವ್ವನ ಕಣ್ಣು ತನ್ನ ಬೆರಳ ತುದಿಯ ಬಿಳಿ ಕಲೆಯ ಮೇಲೆ ಬಿತ್ತು. ಅವಳು ಅಣ್ಣನ ತೋಳು ಹಿಡಿದೆಳೆದಳು.

“ಅಣ್ಣಾ, ಸಾಹೇಬ್ರು ಈಗಷ್ಟ ಎಲಿ ತಿಂದಾರ.”

“ತಿನ್ನಲಿ. ಅದಕ್ಕೇನು?”

“ಎಲಿಗೆ ಸುಣ್ಣಾ ಹಚ್ಚಿದಾಕಿ ನಾ.”

“ಉಗುಳ್ರೀ ಸಾಹೇಬ್ರ, ಉಗುಳ್ರೀ!” ಎಂದು ಇಬ್ಬರೂ ಕೂಗಿದರು.

“ಉಗುಳೂದಾ? ಉಗುಳಿದವರಿಗೆ ದಂಡ ಹಾಕಾಂವ ನಾ...” ಎನ್ನುವಷ್ಟರಲ್ಲಿ ಸಾಹೇಬರ ಎಡಗೆನ್ನೆ ಉಬ್ಬಿತು, ಆಮೇಲೆ ಬಲಗೆನ್ನೆ. ತುಟಿ ತಾನಾಗಿ ತೆರೆಯಿತು. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು, ನಡುವೆ ಗಮ್ಮು, ಮೂರೂ ಒಟ್ಟಿಗೆ ಹೊರಬಿದ್ದು ಕಟಕಟ ಎನ್ನುತ್ತ ಓಡಿದವು!

“ಹಿಡೀರಿ!” ನೀಲಗಂಗವ್ವ ಪೊರಕೆ ಹಿಡಿದು ಬೆನ್ನು ಹತ್ತಿದಳು. ಉಂಡೆ ಬೆಂಚುಗಳ ಅಡಿ ನುಗ್ಗಿತು, ಕಂಬ ಸುತ್ತಿತು, ಸಿಕ್ಕ ಸಿಕ್ಕ ಗಮ್ಮನ್ನೆಲ್ಲ ನುಂಗಿ ತೆಂಗಿನಕಾಯಿಯಷ್ಟಾಯಿತು, ಕುಂಬಳಕಾಯಿಯಷ್ಟಾಯಿತು. ಅದರ ಮುಂಭಾಗದಲ್ಲಿ ಮಾತ್ರ ಸಾಹೇಬರ ಹಲ್ಲುಗಳ ನಗು ಹಾಗೇ ಇತ್ತು. ಗಂಟುಮೂಟೆ ಬಿಟ್ಟು ಜನ ಬೆಂಚು ಹತ್ತಿದರು. ಪೊರಕೆಗೆ ಇನ್ನೇನು ಸಿಕ್ಕಿತು ಎನ್ನುವಾಗ ಉಂಡೆ ಗದಗಿಗೆ ಹೊರಟಿದ್ದ ಬಸ್ಸಿನೊಳಕ್ಕೆ ಹಾರಿತು. ಹಿಂದೆ ನೋಡದೆ ಕಂಡಕ್ಟರ್ ಸೀಟಿ ಊದಿಬಿಟ್ಟ. ಬಸ್ಸು ಹೊರಟೇಹೋಯಿತು.

ನೀಲಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಹದಿನಾರು ವರ್ಷದ ಚಾಕರಿ ಒಂದು ಎಲೆಯಡಿಕೆಯಲ್ಲಿ ಮುಗಿಯಿತೆಂದು ಅವಳಿಗೆ ಅಳುವೇ ಬಂತು.

ಸಾಹೇಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಒಂದೊಂದೇ ಪ್ಲಾಟ್‌ಫಾರ್ಮ್ ಬಗ್ಗಿ ನೋಡಿದರು. ಬೆಂಚಿನ ತಳಕ್ಕೂ ಕೈಯಾಡಿಸಿದರು. ಒಂದು ಗಮ್ಮಿಲ್ಲ! ಎಲ್ಲರೆದುರು ಆಡಿದ ಮಾತು ತಮ್ಮದೇ. ನುಂಗಲೂ ಆಗದು, ಉಗುಳಲೂ ಆಗದು. ಹಲ್ಲಿಲ್ಲದೆ ಹಲ್ಲು ಕಡಿಯುತ್ತ ಕಾಗದದ ಮೇಲೆ ಬರೆದು ಅವಳ ಕೈಗಿತ್ತರು: “ನಿಲ್ದಾಣ ಸ್ವಚ್ಛವಿದೆ. ನೌಕರಿ ಮುಂದುವರಿಸಲಾಗಿದೆ. ಕೂಡಲೇ ಹೋಗಿ ಹಲ್ಲು ತರತಕ್ಕದ್ದು.”

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಆ ಬಸ್ಸಿನ ಕಂಡಕ್ಟರ್.

“ನೀಲಕ್ಕಾ! ಸೀಟಿನ ತಳದಾಗಿನ ಗಮ್ಮೆಲ್ಲಾ ಖಾಲಿ ಮಾಡೈತಿ. ಈಗ ಒಬ್ಬೊಬ್ಬರ ಬಾಯಾಗ ಇಣುಕಿ ನೋಡಾಕತ್ತೈತಿ!”

ನೀಲಗಂಗವ್ವ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಎಲ್ಲಾರಿಗೂ ಬಾಯಿ ಮುಚ್ಕೊಂಡು ಕುಂದ್ರಾಕ ಹೇಳು. ನಾ ಡ್ಯೂಟಿ ಮ್ಯಾಲೆ ಬರಾಕತ್ತೀನಿ.”