ಗುರುಪಾದಪ್ಪನ ಬೇಸ್‌ಬಾಲ್ ಪ್ರದಕ್ಷಿಣೆ

ನಿಜಾಮರ ಫಸಲಿ ಲೆಕ್ಕದ ಬಹಮನ್ ತಿಂಗಳ ಎಂಟು, ಶುಕ್ರವಾರ, ಬೆಳಗಿನ ಏಳೂವರೆ. ಶಾಲೆಗೆ ಸೂಟಿ. ದಿನಚರಿ ಬರೆಯುವವರಿಗೆ ಒಂದು ರೋಗವಿರುತ್ತದೆ: ತಾವು ಆಡದ ಆಟದ ಲೆಕ್ಕವನ್ನು ಆಡಿದವರಿಗಿಂತ ಅಚ್ಚುಕಟ್ಟಾಗಿ ಇಡುವುದು. ನನಗೆ ಅದನ್ನು ಹತ್ತಿಸಿದವನು ನಿಲಂಗಾದ ಶಾಲೆಯಲ್ಲಿ ಮಾಸ್ತರನಾದ ನನ್ನ ಖೋಲಿಯನ್ನೇ ಹಂಚಿಕೊಂಡಿರುವ ಗುರುಪಾದಪ್ಪ. ಕಾಸಾರಶಿರಸಿಯ ಜೋಳದ ವ್ಯಾಪಾರಿಯ ಮಗ. ಹೈದರಾಬಾದಿಗೆ ಓದಲು ಹೋಗಿ, ಕಾಲೇಜಿನ ಅಮೆರಿಕದ ಪಾದ್ರಿಯಿಂದ ಬೇಸ್‌ಬಾಲ್ ಕಲಿತು ಬಂದ. ನಡುವೆ ನಿಂತವನು ಚೆಂಡು ಎಸೆಯುತ್ತಾನೆ, ಎದುರಿನವನು ದಾಂಡಿನಿಂದ ಹೊಡೆದು ಮೂಲೆಮೂಲೆಯ ಕಲ್ಲು ಮುಟ್ಟುತ್ತ ಸುತ್ತಿ ಬರುತ್ತಾನೆ. ಅವನಿಗಿಂತ ಮೊದಲು ಚೆಂಡು ಕಲ್ಲಿಗೆ ಬಂದರೆ ಅವನು ಬಾದ್, ಅಂದರೆ ಔಟು. ಇಷ್ಟೇ ಆಟ. ಇಷ್ಟಕ್ಕಾಗಿ ಒಬ್ಬ ಮನುಷ್ಯ ಊಟ ಮರೆಯಬಲ್ಲ ಎಂಬುದನ್ನು ಅವನನ್ನು ನೋಡುವತನಕ ನಾನು ನಂಬಿರಲಿಲ್ಲ.

“ಕಾಲೇಜಿಗೆ ಕಳಿಸಿದ್ದು ದಾಂಡು ಬೀಸಾಕೇನೋ? ಬಾ, ತಕ್ಕಡಿ ಹಿಡಿ” ಎಂದರು ಅವನ ತಂದೆ. ಇವನು ತಕ್ಕಡಿ ಬಿಟ್ಟು ನಮ್ಮ ಹೆಡ್‌ಮಾಸ್ತರರ ಮುಂದೆ ಬಂದು ನಿಂತ, ಡ್ರಿಲ್ ಮಾಸ್ತರನ ನೌಕರಿ ಕೇಳಿದ. ಅವರು ಹೇಳಿದರು: “ಹುಡುಗರನ್ನ ತಯಾರ ಮಾಡಿ ಉದಗೀರದವರ ಜೋಡಿ ಒಂದ ಮ್ಯಾಚ್ ಆಡಸ್ರಿ. ಮಂದಿ ನಗಬಾರದು. ನಕ್ಕರ ನಿಮಗ ನಿಮ್ಮ ಅಪ್ಪನ ಅಂಗಡಿ ಅದ.”

ಮೊದಲ ದಿನವೇ ಮಲ್ಲ ಎಂಬ ಹುಡುಗ ಚೆಂಡನ್ನು ಬಾವಿಯಾಚೆ ಹೊಡೆದ. ಹೊಡೆದವನು ಬಲಗಡೆಯ ಕಲ್ಲಿಗೆ ಓಡಬೇಕಾದದ್ದು ಎಡಗಡೆಗೆ ಓಟ ಕಿತ್ತ.

“ಹೊಳ್ಳೋ ಮಲ್ಲಾ, ಬಲಕ್ಕ ಓಡು!”

“ನಡುವ ನಿಂತಾಂವ ನಮ್ಮ ಬಲಕ್ಕ ಇರಬೇಕಲ್ರೀ ಮಾಸ್ತರ? ಗುಡಿಯಾಗ ಹಂಗs ಸುತ್ತತೀವಿ.”

ಒಬ್ಬನಲ್ಲ, ಎಲ್ಲರೂ ಹಾಗೆಯೇ. ಬೈದರೆ ನಾಲ್ಕು ಹೆಜ್ಜೆ ಬಲಕ್ಕೆ ಓಡಿ, ಏನೋ ತಪ್ಪಿದಂತಾಗಿ ನಿಂತುಬಿಡುತ್ತಿದ್ದರು. ವಾರದ ಕೊನೆಗೆ ಮಲ್ಲನ ಅಜ್ಜಿಯೇ ಬಯಲಿಗೆ ಬಂದಳು. “ಏ ಮಾಸ್ತರ, ನನ್ನ ಮೊಮ್ಮಗನ್ನ ಉಲ್ಟಾ ಯಾಕ ಸುತ್ತಸ್ತಿ? ನಿನಗ ಮನ್ಯಾಗ ಹಿರ್ಯಾರಿಲ್ಲೇನು?”

ನಾನಾಗಿದ್ದರೆ ಆಟದ ಕಾಯಿದೆ ತೆಗೆದು ಅಜ್ಜಿಗೆ ಓದಿ ಹೇಳುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ಗುರುಪಾದಪ್ಪ ಕೈ ಮುಗಿದು ಕಳಿಸಿದ. ಆಮೇಲೆ ಹೇಳಿದ: “ಹುಡುಗರ ಕಾಲು ತಿರುವೂಕಿಂತ ಕಲ್ಲಿನ ನಂಬರ ತಿರುವೂದು ಹಗರ.” ಎಡಗಡೆಯದೇ ಮೊದಲ ಕಲ್ಲಾಯಿತು. ಮರುದಿನದಿಂದ ಅವರ ಓಟ ನೋಡಬೇಕಿತ್ತು! ಕಲಿಸುವುದು ಎಂದರೇನೆಂದು ನನಗೆ ಅಂದು ಸ್ವಲ್ಪ ತಿಳಿಯಿತು.

ಹೋದ ಶುಕ್ರವಾರ ಮ್ಯಾಚು. ಉದಗೀರದ ಮಾಸ್ತರ ವಾಮನರಾವ್ ಇವನ ಕಾಲೇಜಿನ ಜೊತೆಯಾಟಗಾರ. ಅವರವರು ಕಲಿತ ದಿಕ್ಕಿಗೆ ಓಡಲಿ ಎಂದು ಇಬ್ಬರೂ ನಗುತ್ತಲೇ ಒಪ್ಪಿಕೊಂಡರು. ಆಮೇಲೆ ನಗುವ ಸರದಿ ಜನರದು. ಮಲ್ಲ ಎಡದ ಕಲ್ಲು ಮುಟ್ಟಿದಾಗ ಉದಗೀರದವರು ಬಲಗಡೆಗೆ ಚೆಂಡೆಸೆದು ಕುಣಿಯುತ್ತಿದ್ದರು. ಅವರು ಬಲಕ್ಕೆ ಓಡಿದಾಗ ನಮ್ಮವರು ಎಡಗಡೆ ಕಾಯುತ್ತಿದ್ದರು. ಉಮರ್ಗಾಕ್ಕೆ ಹೊರಟ ಬಂಡಿಯವರು ಎತ್ತು ಬಿಚ್ಚಿ ಕೂತು ಹೊಟ್ಟೆ ಹಿಡಿದುಕೊಂಡರು. ಪ್ರತಿ ನಗುವಿಗೂ ಗುರುಪಾದಪ್ಪನ ಮುಖ ಒಂದು ಸುತ್ತು ಸಣ್ಣದಾಗುತ್ತಿತ್ತು.

ಕೊನೆಗೆ ಮಲ್ಲ ಪೂರ್ತಿ ಸುತ್ತಿ ಬಂದ; ಎರಡೂ ಕಡೆಯ ಓಟ ಸಮಸಮ. ವಾಮನರಾವ್ ಸಿಡುಕಿದ: “ಅರೇ ಬಾಬಾ, ಚೇಷ್ಟಾ ಸಾಕು. ಕಾಲೇಜಿನಾಗ ಹಿಂಗ ಆಡಿದ್ವೇನು?”

ಗುರುಪಾದಪ್ಪ, “ಇಲ್ಲ. ನಿಂದು ಖರೇ ಅದ” ಎಂದು, ಲೆಕ್ಕ ಬರೆಯುತ್ತಿದ್ದ ನನ್ನ ಕಡೆ ತಿರುಗಿದ. “ಈ ಓಟ ಹೊಡದ ಹಾಕು.” ಹೊಡೆದು ಹಾಕಿದೆ. ಒಂದು ಓಟದಿಂದ ಸೋತೆವು.

ಹೆಡ್‌ಮಾಸ್ತರರು ಬಂದರು. “ಮಂದಿ ನಕ್ಕರಲ್ರೀ.”

“ಹೌದ್ರೀ. ನಾಳೆ ಊರಿಗೆ ಹೋಗ್ತೀನಿ.”

“ಎಲ್ಲಿಗಿ? ಸೂಟಿ ದಿನಾ ಸಾಲಿಗೆ ಇಷ್ಟ ಮಂದಿ ಎಂದಾದ್ರೂ ಬಂದಿದ್ರೇನು? ಆ ಹುಡುಗರನ್ನ ನೋಡ್ರಿ, ಸೋತಾರ, ಆದ್ರೂ ಮನೀಗಿ ಹೋಗವಲ್ರು. ನಾಳೆ ಡ್ರಿಲ್ ತಗೋರಿ.”

ಈಗ ಅವನು ಎರಡೂ ದಿಕ್ಕಿನ ಓಟ ಕಲಿಸುತ್ತಾನೆ. ಎಡದ ಕಲ್ಲನ್ನು ಮೊದಲು ಮುಟ್ಟಿ ಬೇಸ್‌ಬಾಲ್ ಆಡುವ ಊರು ಬೇರೆಲ್ಲಾದರೂ ಉಂಟೇ? ಬಲ್ಲವರು ದಯವಿಟ್ಟು ನಿಲಂಗಾಕ್ಕೆ ಬರೆದು ತಿಳಿಸಬೇಕು. ಇಲ್ಲವೆಂದಾದರೆ ನನಗೆ ಮಾತ್ರ ಬರೆಯಿರಿ, ಮಲ್ಲನ ಅಜ್ಜಿಗೆ ತಿಳಿಯುವುದು ಬೇಡ. ನಾನೂ ಮೊನ್ನೆಯಿಂದ ದಾಂಡು ಹಿಡಿದಿದ್ದೇನೆ. ಯಾವ ದಿಕ್ಕಿಗೆ ಓಡಬೇಕೆಂಬ ಚಿಂತೆ ನನಗಿನ್ನೂ ಬಂದಿಲ್ಲ. ಅದು ಚೆಂಡು ದಾಂಡಿಗೆ ತಾಗಿದವರ ಚಿಂತೆ.