ನನ್ನ ಜೇಬಿನ ಮೇಲಿನ ಇನ್‌ಚಾರ್ಜ್

ಯಾವ ಬಟ್ಟೆಗೆ ವಯಸ್ಸಾಯಿತು, ಯಾವುದನ್ನು ಇನ್ನೂ ದುಡಿಸಿಕೊಳ್ಳಬಹುದು ಎಂದು ಕಣ್ಣಳತೆಯಲ್ಲೇ ಹೇಳಬಲ್ಲವನು ತಿಕೋಟಾದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಹದಿನೆಂಟು ವರ್ಷದಿಂದ ಊರಿನ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಸ್ಟಾಫ್ ನರ್ಸ್. ಹೆಸರು ಶಿವಪ್ಪ. ಬಟ್ಟೆಯ ವಿಷಯದಲ್ಲಿ ನನ್ನ ನಂಬಿಕೆ ಪರೀಕ್ಷೆಗೆ ಬಿದ್ದದ್ದು ಒಂದೇ ಸಲ. ಆ ಒಂದು ಸಲಕ್ಕೇ ಸಾಕಾಯಿತು!

ಒಂದು ಮಂಗಳವಾರ ಡಾಕ್ಟರ್ ಸಾಹೇಬರು ನನ್ನನ್ನು ಒಳಗೆ ಕರೆದರು.

"ಶಿವಪ್ಪ, ಬರೂ ಸೋಮವಾರ ತಪಾಸಣಾ ಮಾಡಾಕ ಮ್ಯಾಲಿನವರು ಬರ್ತಾರ. ನಮ್ಮ ಮಂದಿ ಯೂನಿಫಾರ್ಮ್ ಭಾಳ ಹಳೇವಾಗ್ಯಾವು. ಎಲ್ಲಾರದೂ ನೋಡ್ರಿ, ಬದಲಿ ಮಾಡೂವು ಬದಲಿ ಮಾಡಸ್ರಿ. ಇದೊಂದ ಕೆಲಸಾ ನೆಟ್ಟಗ ಆತು ಅಂದ್ರ, ನರ್ಸಿಂಗ್ ಇನ್‌ಚಾರ್ಜ್ ಜಾಗಾ ಖಾಲಿ ಐತಿ, ನೋಡೂಣಂತ."

ಸಾಹೇಬರು ಅಂದದ್ದು 'ನೋಡೂಣಂತ'. ನಾನು ಕೇಳಿಸಿಕೊಂಡದ್ದು ನೇಮಕಾತಿ ಆದೇಶ!

ಹದಿನೆಂಟು ವರ್ಷ ಸೂಜಿ ಚುಚ್ಚಿ, ಸಲೈನ್ ಏರಿಸಿ, ಪಟ್ಟಿ ಕಟ್ಟಿದವನಿಗೆ ಆ ಜಾಗದ ಮೇಲೆ ಎಷ್ಟು ಆಸೆ ಇರುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಇನ್‌ಚಾರ್ಜಿಗೆ ಒಂದು ಸ್ವಂತ ಕುರ್ಚಿ ಇತ್ತು. ಅದಕ್ಕೆ ಕೈಗಳಿದ್ದವು. ಉಳಿದ ನಾವೆಲ್ಲ ಕೂಡುತ್ತಿದ್ದ ಸ್ಟೂಲುಗಳಲ್ಲಿ ಕೆಲವಕ್ಕೆ ನಾಲ್ಕನೆಯ ಕಾಲೂ ಇರಲಿಲ್ಲ.

ಅಂದೇ ಮಧ್ಯಾಹ್ನ ಕೂತು ನಿಯಮಾವಳಿ ಬರೆದೆ. "ಈ ಮೂಲಕ ಸಮಸ್ತ ಸಿಬ್ಬಂದಿಯವರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗುತ್ತಿತ್ತು ಅದು. ಕಿಟಕಿಯ ಬೆಳಕಿಗೆ ಹಿಡಿದಾಗ ಆಚೆಯ ಬೇವಿನ ಮರ ಕಂಡರೆ ಆ ಬಟ್ಟೆ ರದ್ದು. ಮೂರು ಸಲ ತೊಳೆದರೂ ಕಲೆ ಹೋಗದಿದ್ದರೆ ರದ್ದು. ಬಗ್ಗಿದಾಗ ಹೊಲಿಗೆ ಸದ್ದು ಮಾಡಿದರೆ ರದ್ದು. ಮೊದಲಿನ ಬಣ್ಣ ಯಾವುದೆಂದು ಹಾಕಿಕೊಂಡವರೇ ನೆನಪಿಸಿಕೊಳ್ಳಬೇಕಾದರೆ ಅದಂತೂ ತಕ್ಷಣ ರದ್ದು. ಕೆಳಗೆ ದೊಡ್ಡದಾಗಿ ರುಜು ಹಾಕಿ ವಾರ್ಡಿನ ಗೋಡೆಗೆ ಅಂಟಿಸಿದೆ.

ಮರುದಿನದಿಂದ ಕಿಟಕಿಯ ಪಕ್ಕ ನಿಂತು ಒಬ್ಬೊಬ್ಬರ ಬಟ್ಟೆ ತರಿಸಿ ಬೆಳಕಿಗೆ ಹಿಡಿದೆ. ಹನ್ನೊಂದು ಜನರಲ್ಲಿ ಒಂಬತ್ತು ಜನ ನಪಾಸು! ಅವರಲ್ಲಿ ಶಮಶಾದ್ ಸಿಸ್ಟರೂ ಒಬ್ಬರು. ನನಗಿಂತ ಎರಡು ವರ್ಷ ಹಿರಿಯರು, ಮಾತು ಕಡಿಮೆ, ಕೆಲಸ ಹೆಚ್ಚು. ಅವರ ಯೂನಿಫಾರ್ಮಿನ ತೋಳಿನ ಮೇಲೆ ಅಯೋಡಿನ್ ಕಲೆ ಇತ್ತು.

"ಶಿವಪ್ಪಣ್ಣ, ಇದೊಂದ ಸಣ್ಣ ಕಲಿ ರಿ. ಎಷ್ಟ ತೊಳದ್ರೂ ಹೋಗವಲ್ದು."

"ಹೋಗವಲ್ದು ಅಂತ ನೀವ ಹೇಳಿದ ಮ್ಯಾಲೆ ನಾ ಹೇಳೂದೇನೈತ್ರಿ ಸಿಸ್ಟರ್? ರದ್ದು!"

ಅವರು ಬಟ್ಟೆ ಮಡಚಿಕೊಂಡು, ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು.

"ಆತ್ರಿ, ಹೊಸಾದು ಹೊಲಸ್ತೇನಿ. ನಿಮ್ಮದು ಯಾರ ನೋಡ್ತಾರ?"

"ನಾ ನೋಡೂ ಮನಷ್ಯಾ ಸಿಸ್ಟರ್, ತೋರ್ಸೂ ಮನಷ್ಯಾ ಅಲ್ಲ."

ಈ ಉತ್ತರ ನನಗೆ ಆಗ ಬಹಳ ಹಿಡಿಸಿತು. ಮನೆಗೆ ಬಂದು ಹೆಂಡತಿಗೂ ಹೇಳಿದೆ.

ಇಲ್ಲಿ ನನ್ನ ಯೂನಿಫಾರ್ಮಿನ ಬಗ್ಗೆ ಎರಡು ಮಾತು ಹೇಳಬೇಕು. ಅದಕ್ಕೆ ಒಂಬತ್ತು ವರ್ಷ. ಹುಟ್ಟುವಾಗ ತಿಳಿನೀಲಿ ಇತ್ತಂತೆ. ಕಾಲರಿನ ಅಂಚು ನೂಲಾಗಿ ಬಿಚ್ಚಿಕೊಂಡಿತ್ತು, ಮೊಣಕಾಲಿನ ಹತ್ತಿರ ಬಟ್ಟೆ ಇದೆ ಎಂಬುದು ಬರೀ ವಿಶ್ವಾಸದ ವಿಷಯವಾಗಿತ್ತು. ಆದರೆ ನನ್ನ ದೃಷ್ಟಿಯಲ್ಲಿ ಅದು ಹಳತಾಗಿರಲಿಲ್ಲ, ಪಳಗಿತ್ತು.

ನನ್ನ ಹೆಂಡತಿ ನೀಲವ್ವನ ದೃಷ್ಟಿ ಬೇರೆ. "ನಿಮ್ಮ ಬೆನ್ನಾಗ ಬನಿಯನ್ನಿನ ತೂತು ಕಾಣಾಕತ್ತಾವ್ರಿ."

"ಅದು ಬನಿಯನ್ನಿನ ತಪ್ಪು, ಇದರದ್ದಲ್ಲ."

ಆದರೂ ಇನ್‌ಚಾರ್ಜ್ ಆಗುವವನು ಹಳೆಯ ಬಟ್ಟೆಯಲ್ಲಿ ಅಧಿಕಾರ ಸ್ವೀಕರಿಸುವುದು ಸರಿಯಲ್ಲ ಎಂದು ನನಗೂ ಅನಿಸಿತು. ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ. ಸಿದ್ಧೇಶ್ವರ ಗುಡಿ ಹತ್ತಿರ ದಸ್ತಗೀರ್ ಚಾಚಾ ಎಂಬ ದರ್ಜಿ ಇದ್ದಾರೆ. ಅಳತೆ ಕೊಟ್ಟು, ಜೇಬಿನ ಮೇಲೆ ಕೆಂಪು ದಾರದಲ್ಲಿ ಹೆಸರು ಹಾಕಲು ಹೇಳಿದೆ: 'ಶಿವಪ್ಪ, ನರ್ಸಿಂಗ್ ಇನ್‌ಚಾರ್ಜ್.'

ಚಾಚಾ ಕನ್ನಡಕದ ಮೇಲಿಂದ ನೋಡಿದರು. "ಇನ್‌ಚಾರ್ಜ್ ಆಗೀರೇನ್ರಿ?"

"ಸೋಮವಾರ ಆಗ್ತೇನಿ. ನೀವು ಶನಿವಾರ ಕೊಡ್ರಿ."

ಶನಿವಾರ ಕೊಟ್ಟರು. ಎಂಥ ಯೂನಿಫಾರ್ಮ್! ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ನನಗೇ ನನ್ನನ್ನು ರಜೆ ಕೇಳಬೇಕು ಅನಿಸಿತು. ಅಂಥದ್ದನ್ನು ಸೋಮವಾರಕ್ಕೆ ಮೊದಲು ಮೈಲಿಗೆ ಮಾಡುವುದುಂಟೇ? ತೆಗೆದು ನೀಲವ್ವನ ಕೈಗೆ ಕೊಟ್ಟೆ. ಆಕೆ ಧೂಳು ಕೂಡಬಾರದೆಂದು ತನ್ನದೊಂದು ಹಳೆಯ ಸೀರೆಯಲ್ಲಿ ಸುತ್ತಿ, ಗಂಟು ಹಾಕಿ ಕಪಾಟಿನ ಮೇಲಿನ ಖಾನೆಯಲ್ಲಿಟ್ಟಳು. ಒಳ್ಳೆಯ ವಸ್ತುವನ್ನು ಹಳೆಯ ಸೀರೆಯಲ್ಲಿ ಸುತ್ತಿಡುವುದು ನಮ್ಮ ಮನೆಗಳ ಪದ್ಧತಿ. ಅವಳು ಸುತ್ತಿದಾಗ ನಾನು ಕನ್ನಡಿಯ ಕಡೆ ನೋಡುತ್ತಿದ್ದೆ.

ಭಾನುವಾರ ನೀಲವ್ವ ನಿಡೋಣಿಗೆ ತಂಗಿಯ ಮಗಳ ಸೀಮಂತಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಕುಬಸಕ್ಕೆ, ಹೊರಟಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಇವತ್ತ ಭಾಂಡೆ ಹನುಮವ್ವ ಬರ್ತಾಳ. ಕಪಾಟದ ಕೆಳಗಿನ ಖಾನ್ಯಾಗ ಹಳೇ ಅರಿವಿ ಕಟ್ಟಿಟ್ಟೇನಿ. ಕೊಟ್ಟು ಒಂದು ಸ್ಟೀಲಿನ ಕೊಡ ತಗೋರಿ. ಕೆಳಗಿನ ಖಾನಿ, ನೆನಪಿರ್ಲಿ."

ಹನುಮವ್ವ ನಮ್ಮ ಊರಿನಲ್ಲಿ ಹಳೆಯ ಬಟ್ಟೆ ತಗೊಂಡು ಹೊಸ ಭಾಂಡೆ ಕೊಡುವ ಹೆಂಗಸು. ತಲೆಯ ಮೇಲಿನ ಬುಟ್ಟಿಯಲ್ಲಿ ಪಾತ್ರೆ, ಬೆನ್ನ ಮೇಲೆ ಬಟ್ಟೆಯ ಗಂಟು. ಬಂದಳು, ಕಟ್ಟೆಯ ಮೇಲೆ ಕೂತಳು. ನಾನು ಕೆಳಗಿನ ಖಾನೆಯ ಬಟ್ಟೆಗಳನ್ನು ತಂದು ಹಾಕಿದೆ. ಜೊತೆಗೆ, ಹೇಗೂ ಹೊಸದು ಬಂದಿದೆ ಎಂದು ಭಾರವಾದ ಮನಸ್ಸಿನಿಂದ ನನ್ನ ಪಳಗಿದ ಯೂನಿಫಾರ್ಮನ್ನೂ ಸೇರಿಸಿದೆ.

ಹನುಮವ್ವ ಅದನ್ನೇ ಮೊದಲು ಎತ್ತಿದಳು. ಬಿಸಿಲಿಗೆ ಹಿಡಿದಳು. ನನ್ನ ನಿಯಮಾವಳಿ ಓದದೆಯೇ ನನ್ನ ಪರೀಕ್ಷೆ! ಆಮೇಲೆ ಹೆಬ್ಬೆರಳಿಂದ ಒತ್ತಿದಳು. ಹೆಬ್ಬೆರಳು ಆಚೆ ಬಂತು.

"ಯಪ್ಪಾ, ಇದು ಅರಿವಿ ಅಲ್ರಿ, ಜರಡಿ. ಇದನ್ನ ಒಯ್ದು ನಾ ಏನ್ ಮಾಡ್ಲಿ? ನೀವ ಇಟ್ಕೋರಿ."

ಉಳಿದ ಬಟ್ಟೆಗೆ ಒಂದು ವಾಟಗ, ಅಂದರೆ ಪುಟ್ಟ ಬಟ್ಟಲು, ಮುಂದಿಟ್ಟಳು. ಅದರಲ್ಲಿ ಬೆಕ್ಕಿಗೆ ಹಾಲು ಹಾಕಿದರೆ ಬೆಕ್ಕು ಬೇಜಾರು ಮಾಡಿಕೊಳ್ಳುತ್ತಿತ್ತು. ನನಗೆ ರೇಗಿತು. ಒಂಬತ್ತು ಜನರನ್ನು ನಪಾಸು ಮಾಡಿದ ನನ್ನನ್ನು ಈಕೆ ನಪಾಸು ಮಾಡುವುದೇ? ಒಳಗೆ ಹೋಗಿ ಕಪಾಟು ಜಾಲಾಡಿದೆ. ಮೇಲಿನ ಖಾನೆಯಲ್ಲಿ ಒಂದು ಹಳೆಯ ಸೀರೆಯ ಗಂಟು ಕಂಡಿತು. ಪಾಪ, ನೀಲವ್ವ ಮರೆತಿದ್ದಾಳೆ ಎಂದುಕೊಂಡು ತಂದು ಅವಳ ಮುಂದೆ ಧೊಪ್ಪನೆ ಹಾಕಿದೆ.

ಹನುಮವ್ವ ಗಂಟು ಬಿಚ್ಚಲು ಕೈ ಹಾಕಿದಳು.

"ಬಿಚ್ಚಬ್ಯಾಡ! ಹೆಣ್ಮಕ್ಳ ಸೀರಿ ಐತಿ, ಬೀದ್ಯಾಗ ಹರವತೀಯೇನು? ಹಂಗ ಒಯ್ಯಿ. ಕೊಡಾ ಕೊಡು!"

ಅವಳು ಗಂಟನ್ನು ಕೈಯಲ್ಲಿ ಹಿಡಿದು ತೂಗಿದಳು. ಬೆರಳಿಂದ ಒತ್ತಿದಳು. ಈ ಸಲ ಬೆರಳು ಆಚೆ ಬರಲಿಲ್ಲ. ಬುಟ್ಟಿಯ ದೊಡ್ಡ ಕೊಡವನ್ನೇ ಎತ್ತಿ ಕೊಟ್ಟಳು.

ಚೌಕಾಶಿ ಎಂದರೆ ಹೀಗಿರಬೇಕು ಎಂದು ನಾನು ಮೀಸೆ ತಿರುವಿದೆ.

ಹೊರಡುವಾಗ ಅವಳೆಂದಳು, "ನನ್ನ ಗಂಡ ಯಲ್ಲಪ್ಪನ ಕೈಗೆ ತಗಡ ತಾಗಿ ಕೊಯ್ದೈತ್ರಿ. ನಿಮ್ಮ ದವಾಖಾನ್ಯಾಗ ಪಟ್ಟಿ ಕಟ್ಟಸ್ಕೊಳ್ಳಾಕತ್ತಾನ. ನಾಳೆ ಬರ್ತಾನ, ಛಲೋತ್ನಂಗ ನೋಡ್ರಿ."

"ಕಳಸು. ನಾಳಿಂದ ನಾನ ಇನ್‌ಚಾರ್ಜ್."

ಸಂಜೆ ನೀಲವ್ವ ಬಂದು ಕೊಡ ನೋಡಿ ಬೆರಗಾದಳು. "ಅಯ್ಯ, ಇಷ್ಟ ದೊಡ್ಡ ಕೊಡಾ! ಏನ ಕೊಟ್ರಿ?"

"ತಲಿ ಓಡಿಸಿದೆ" ಎಂದೆ. ಆಕೆ ಖುಷಿಯಿಂದ ಪಕ್ಕದ ಓಣಿಗೆ ಒಯ್ದು ಕೊಡದ ಕಂಠದ ಮೇಲೆ ತನ್ನ ಹೆಸರು ಕೊರೆಸಿಕೊಂಡೇ ಬಂದಳು.

ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿ ಕೂಗಿದೆ, "ನೀಲಾ, ಯೂನಿಫಾರ್ಮ್ ಎಲ್ಲೈತಿ?"

"ಮ್ಯಾಲಿನ ಖಾನ್ಯಾಗ. ನನ್ನ ಹಳೇ ಸೀರ್ಯಾಗ ಸುತ್ತಿಟ್ಟೇನಲ್ಲ."

ನಾನು ಕಪಾಟು ನೋಡಲಿಲ್ಲ. ಕೊಡ ನೋಡಿದೆ. ಕೊಡದ ಮೇಲೆ 'ನೀಲವ್ವ' ಎಂದು ಮುದ್ದಾಗಿ ಬರೆದಿತ್ತು.

ಆಮೇಲೆ ಮನೆಯಲ್ಲಿ ನಡೆದ ಮಾತುಕತೆಯನ್ನು ಬರೆಯುವ ಅಗತ್ಯವಿಲ್ಲ, ಓಣಿಯವರೆಲ್ಲ ಕೇಳಿದ್ದಾರೆ. ಹನುಮವ್ವನ ಮನೆಗೆ ಓಡುವಷ್ಟು ಹೊತ್ತಿರಲಿಲ್ಲ. ಅವಳು ತಿರಸ್ಕರಿಸಿ ಹೋದ ಜರಡಿ ಕಟ್ಟೆಯ ಮೇಲೆಯೇ ಬಿದ್ದಿತ್ತು. ಕೊಡವಿ ಹಾಕಿಕೊಂಡೆ.

ದವಾಖಾನೆಯಲ್ಲಿ ಒಂಬತ್ತು ಜನ ನಪಾಸಾದವರೂ ಹೊಸ ಬಟ್ಟೆಯಲ್ಲಿ ಗರಿಗರಿಯಾಗಿ ನಿಂತಿದ್ದರು. ನಾನು ಗೋಡೆಗೆ ಬೆನ್ನು ಕೊಟ್ಟು, ಕಿಟಕಿಗಳನ್ನು ತಪ್ಪಿಸಿ, ಏಡಿಯಂತೆ ಅಡ್ಡಡ್ಡ ನಡೆದೆ. ಶಮಶಾದ್ ಸಿಸ್ಟರ್ ನೋಡಿದರು. ಕಲೆಯಿಲ್ಲದ ತಮ್ಮ ಹೊಸ ತೋಳನ್ನು ಒಮ್ಮೆ ಸವರಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ತಪಾಸಣೆಗೆ ಬಂದ ಮೇಡಂ ಗೋಡೆಯ ನಿಯಮಾವಳಿಯನ್ನು ಪೂರ್ತಿ ಓದಿದರು. "ಡಾಕ್ಟರೇ, ಇದು ತುಂಬಾ ಚೆನ್ನಾಗಿದೆ. ಯಾರು ಬರೆದದ್ದು?"

"ನಮ್ಮ ಶಿವಪ್ಪ ರಿ" ಎಂದರು ಸಾಹೇಬರು, ಹೆಮ್ಮೆಯಿಂದ. "ಇಲ್ಲೇ ಅದಾನ್ರಿ" ಎಂದು ಅವರು ತಿರುಗಿ ಹುಡುಕಿದರು. ನಾನು ಬಾಗಿಲ ಹಿಂದಿದ್ದೆ.

ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಒಬ್ಬ ಒಳಗೆ ಬಂದ. ಇಸ್ತ್ರಿಯ ಗೆರೆ ಮುರಿಯದ ತಿಳಿನೀಲಿ ಯೂನಿಫಾರ್ಮ್. ಜೇಬಿನ ಮೇಲೆ ಕೆಂಪು ದಾರದಲ್ಲಿ ಹೆಸರು. ಬಲಗೈಗೆ ಪಟ್ಟಿ. ಯಲ್ಲಪ್ಪ!

ಮೇಡಂ ಮುಖ ಅರಳಿತು. "ಓ, ಶಿವಪ್ಪ ಅವರೇ! ನೋಡಿ, ಬಟ್ಟೆ ಅಂದರೆ ಹೀಗಿರಬೇಕು. ಕೈಗೆ ಪೆಟ್ಟಾದರೂ ಡ್ಯೂಟಿಗೆ ಬಂದಿದ್ದೀರಲ್ಲ!" ಆಮೇಲೆ ಬಾಗಿಲ ಹಿಂದಿನ ನನ್ನ ಮೇಲೆ ಕಣ್ಣು ಬಿತ್ತು. "ನೀವು ಪೇಷಂಟ್ ಕಡೆಯವರಾ? ಸ್ವಲ್ಪ ಹೊರಗೆ ನಿಲ್ಲಿ, ತಪಾಸಣೆ ನಡೆದಿದೆ."

ನಾನು ಹೊರಗೆ ಹೋಗಿ ನಿಂತೆ! ಹೇಳಿದ ಮಾತು ಕೇಳುವುದು ನನ್ನ ಹದಿನೆಂಟು ವರ್ಷದ ಅಭ್ಯಾಸ.

ಒಳಗಿನಿಂದ ಯಲ್ಲಪ್ಪನ ದನಿ ಕೇಳಿಸಿತು. "ನಾ ಶಿವಪ್ಪ ಅಲ್ರಿ ಅವ್ವಾರ, ಯಲ್ಲಪ್ಪ. ನನ್ನ ಹೆಂಡ್ತಿ ಇದನ್ನ ನಿನ್ನೆ ಒಂದು ಕೊಡಾ ಕೊಟ್ಟು ತಂದಾಳ್ರಿ. ಶಿವಪ್ಪಣ್ಣಾರು ಅಗಾ ಅಲ್ಲಿ ಹೊರಗ ನಿಂತಾರ ನೋಡ್ರಿ."

ನನ್ನನ್ನು ಒಳಗೆ ಕರೆದು ಕಿಟಕಿಯ ಹತ್ತಿರ ನಿಲ್ಲಿಸಲಾಯಿತು. ಮೇಡಂ ನನ್ನ ಮೊದಲ ನಿಯಮವನ್ನು ಗಟ್ಟಿಯಾಗಿ ಓದಿದರು. ಬೇವಿನ ಮರ ಕಂಡಿತು. ಕೈ ಮುಗಿಯಲು ಬಗ್ಗಿದೆ. ಹೊಲಿಗೆ ಸದ್ದು ಮಾಡಿತು.

ಮೂರನೇ ಮಂಚದ ಅಜ್ಜಿ ಮರುಗಿದಳು. "ಯಪ್ಪಾ, ನಾಕ ದಿನದಿಂದ ಹೇಳಬೇಕು ಹೇಳಬೇಕು ಅನ್ನಾಕತ್ತಿದ್ದೆ. ಹಿಂದ ಹರದೈತಿ."

ಮೇಡಂ ಬೈಯಲಿಲ್ಲ. "ಗಾಯ ತೊಳೆಯುವವರು ನೀವು. ಈ ಬಟ್ಟೆ ಯಾವುದನ್ನು ತಡೆಯುತ್ತದೆ? ರೋಗಿಯ ರಕ್ತ ನಿಮಗೆ ತಾಗುತ್ತದೆ, ನಿಮ್ಮ ಕೊಳೆ ಅವರ ಗಾಯಕ್ಕೆ" ಎಂದರು. ಆ ಮಾತಿಗೆ ಮಾತ್ರ ನನಗೆ ನಗು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಒಂಬತ್ತು ವರ್ಷ ಇದನ್ನೇ ಹಾಕಿಕೊಂಡು ಎಷ್ಟು ಜನರ ಮೇಲೆ ಬಗ್ಗಿದ್ದೆ ಎಂದು ನೆನೆದು ನಿಜವಾಗಿ ನಾಚಿಕೆಯಾಯಿತು.

ಕೈಗಳಿರುವ ಕುರ್ಚಿ ಶಮಶಾದ್ ಸಿಸ್ಟರಿಗೆ ಹೋಯಿತು. ಅವರ ಮೊದಲ ಆದೇಶ ಒಂದೇ ಶಬ್ದದ್ದು. ನನ್ನ ಬಟ್ಟೆಯ ಕಡೆ ಬೆರಳು ಮಾಡಿ, "ರದ್ದು" ಎಂದರು. ಶಬ್ದ ನನ್ನದೇ ಆಗಿತ್ತು.

ಸಂಜೆ ಕೊಡ ಹೊತ್ತುಕೊಂಡು ಹನುಮವ್ವನ ಮನೆಗೆ ಹೋದೆ. ಅವಳು ಕಂಠದ ಮೇಲೆ ಬೆರಳಾಡಿಸಿ ಕೊಡ ತಿರುಗಿಸಿ ಕೊಟ್ಟಳು. "ಹೆಸರ ಹಾಕಿದ ಭಾಂಡೆ ನಾವು ತಿರುಗಿ ತಗೊಳ್ಳಂಗಿಲ್ರಿ."

"ನೀನು ತಗೊಂಡ ಅಂಗಿ ಮ್ಯಾಲೂ ಹೆಸರಿತ್ತಲ್ಲ!"

"ನೀವ ಬಿಚ್ಚಬ್ಯಾಡ ಅಂದ್ರಲ್ರಿ ಯಪ್ಪಾ."

ಖಾಲಿ ಕೊಡ ತಲೆಯ ಮೇಲಿಟ್ಟುಕೊಂಡು ಊರ ನಡುವೆ ವಾಪಸು ಬಂದೆ.

ಈಗ ನಾನು ಬೇರೆ ಹೊಸ ಯೂನಿಫಾರ್ಮ್ ಹೊಲಿಸಿದ್ದೇನೆ. ಜೇಬಿನ ಮೇಲೆ ಏನೂ ಬರೆಸಿಲ್ಲ. ಯಲ್ಲಪ್ಪ ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಾನೆ, ಅದೇ ಅಂಗಿಯಲ್ಲಿ. ಮೊನ್ನೆ ಅವನು ಒಳಗೆ ಬಂದಾಗ ಬಬಲೇಶ್ವರದ ಹಿರಿಯರೊಬ್ಬರು ಬೆಂಚಿನಿಂದ ಎದ್ದು ಕೈ ಮುಗಿದು, "ನಮಸ್ಕಾರ್ರಿ ಇನ್‌ಚಾರ್ಜ್ ಸಾಹೇಬ್ರ" ಎಂದರು. ಯಲ್ಲಪ್ಪನಿಗೆ ಈಗ ರೂಢಿಯಾಗಿದೆ, ಗಂಭೀರವಾಗಿ ತಲೆಯಾಡಿಸಿದ. ನಾನು ಬಗ್ಗಿ ಅವನ ಕೈಗೆ ಪಟ್ಟಿ ಸುತ್ತತೊಡಗಿದೆ.

ಹಿರಿಯರು ನನ್ನ ಗರಿಗರಿ ಬಟ್ಟೆಯನ್ನು ನೋಡಿ, ಬೆನ್ನು ತಟ್ಟಿ ಹೇಳಿದರು: "ಹುಷಾರಿಲೆ ಕಟ್ಟಪಾ ತಮ್ಮಾ. ಹೊಸದಾಗಿ ಕೆಲಸಕ್ಕ ಸೇರಿದಾಂಗ ಕಾಣ್ತಿ. ಸಾಹೇಬ್ರು ಎಲ್ಲಾ ಕಲಸ್ತಾರ."

"ಹೂಂ ರಿ ಅಜ್ಜಾರ" ಎಂದೆ, ಹದಿನೆಂಟು ವರ್ಷ ಸರ್ವೀಸಾದ ನಾನು.