ಆಂಟನಿಯ ಹನ್ನೆರಡು ತಂತಿ

ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವನ್ನು ನಾನು ಜಪದ ಲೆಕ್ಕಕ್ಕೆ ಹಾಕಿಕೊಂಡುಬಿಟ್ಟಿದ್ದೇನೆ. ಕೈಗೆ ಕೆಲಸ, ಬಾಯಿಗೆ ರಾಮನಾಮ, ಊಟದ ಹೊತ್ತಿಗೆ ಮನೆಯವರ ಹಲ್ಲಿಗೆ ಕ್ಷೇಮ. ಒಂದೇ ಮೊರದಲ್ಲಿ ಇಷ್ಟು ಪುಣ್ಯ ಸಿಗುವಾಗ ಕಾಶಿಗೆ ಯಾಕೆ ಹೋಗಬೇಕು? ಅವತ್ತು ವಠಾರದ ಜಗಲಿಯ ಮೇಲೆ ಕೂತು ಹೀಗೆ ಪುಣ್ಯ ಸಂಪಾದಿಸುತ್ತಿದ್ದಾಗ ಪಕ್ಕದ ಮನೆಯ ಸ್ಟೆಲ್ಲಾ ಬಂದು ಎದುರಿಗೆ ನಿಂತಳು. ಅವಳ ಗಂಡ ಆಂಟನಿ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದವನು, ತೀರಿಕೊಂಡು ಆಗ ಒಂದು ವರ್ಷ. "ಅಕ್ಕ, ಮನೆ ಖಾಲಿ ಮಾಡ್ತಿದ್ದೀನಿ. ಕೋಲಾರದ ಕಡೆ ನಮ್ಮಕ್ಕ ಇದ್ದಾಳಲ್ಲ, ಅಲ್ಲಿಗೇ ಹೋಗ್ಬಿಡ್ತೀನಿ. ಭಾನುವಾರ ಲಾರಿ ಬರುತ್ತೆ," ಎಂದಳು. ನನ್ನ ರಾಮನಾಮ ಅಲ್ಲಿಗೇ ನಿಂತಿತು. ದಾಸರಹಳ್ಳಿಯಂಥ ಕಡೆ ನಲ್ಲಿ ನೀರಿಗೆ ಜಗಳವಾಡದ ನೆರೆಯವಳು ಸಿಗುವುದು ಸಣ್ಣ ಭಾಗ್ಯವೇನಲ್ಲ.

ನನಗೆ ಅಳು ಬರುವ ಮುಂಚೆಯೇ ಅವಳು ತನ್ನ ಮನೆಯೊಳಗೆ ಹೋಗಿ ಬೆಡ್‌ಶೀಟಿನಲ್ಲಿ ಸುತ್ತಿದ್ದ ಒಂದು ಗಿಟಾರು ತಂದು ನನ್ನ ಮುಂದಿಟ್ಟಳು. ಆ ಗಿಟಾರಿನ ಕಥೆ ಗೋಡೆಯಾಚೆಯಿಂದ ನನಗೆ ಬಾಯಿಪಾಠವಾಗಿತ್ತು. ಮದುವೆಯಾದ ಹೊಸದರಲ್ಲಿ ಬೋನಸ್ ಬಂದಾಗ ಆಂಟನಿ ಬಟ್ಟೆ ಇಡಲು ಒಂದು ಬೀರು ತರುತ್ತೇನೆಂದು ಕಂಟೋನ್ಮೆಂಟಿಗೆ ಹೋದನಂತೆ. ಅಲ್ಲಿ ಯಾರೋ ವಯಸ್ಸಾದವರು ಊರು ಬಿಡುತ್ತಾ ಮನೆ ಸಾಮಾನು ಮಾರುತ್ತಿದ್ದರು. ಬೀರು ಬರಲಿಲ್ಲ, ಇದು ಬಂತು. "ಒಳ್ಳೇ ಸಾಮಾನು ಸ್ಟೆಲ್ಲಾ, ನಿಂಗೆ ಗೊತ್ತಾಗಲ್ಲ," ಅಂತ ಅವನು. "ನಿಮ್ಗೆ ಚೆನ್ನಾಗಿ ಟೋಪಿ ಹಾಕಿ ಕಳಿಸಿದ್ದಾರೆ," ಅಂತ ಇವಳು. ಸಂಸಾರ ಮುಗಿಯುವವರೆಗೂ ಈ ವ್ಯಾಜ್ಯ ಮುಗಿಯಲಿಲ್ಲ.

"ಮಾರೋದು ಬಿಡೋದು ಆಮೇಲಿನ ಮಾತು ಅಕ್ಕ," ಎಂದಳು ಸ್ಟೆಲ್ಲಾ. "ಅವ್ರಿಗೆ ಮೋಸ ಆಗಿತ್ತೋ ಇಲ್ವೋ, ಅದೊಂದು ತಿಳ್ಕೊಂಡು ಹೋಗ್ಬೇಕು. ನಮ್ ಚರ್ಚಲ್ಲಿ ಹಾಡು ಕಲಿಸೋ ಮೇಷ್ಟ್ರಿದ್ದಾರೆ, ಅವ್ರನ್ನ ಕೇಳೋಕೆ ಭಯ. ಮೋಸಾನೇ ಅಂತಾದ್ರೆ ಸತ್ತವರ ಮರ್ಯಾದೆ ಎಲ್ಲರ ಮುಂದೆ ಹೋಗುತ್ತೆ. ನಿಮ್ ಯಜಮಾನ್ರು ಫ್ಯಾಕ್ಟ್ರೀಲಿ ಇನ್ಸ್‌ಪೆಕ್ಷನ್ ಅಲ್ವಾ? ಅವ್ರು ನೋಡ್ಲಿ."

ನಮ್ಮನೆಯವರು ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಹೇಳುವವರು. ಆ ಕಣ್ಣನ್ನು ಅವರು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವುದಿಲ್ಲ. ಚಪಾತಿಯ ಅಂಚು ಒಂದು ಕಡೆ ದಪ್ಪವಾದರೆ ತಿನ್ನುವ ಮುಂಚೆ ಬೆಳಕಿಗೆ ಹಿಡಿದು ನೋಡುತ್ತಾರೆ. ನನ್ನನ್ನು ನೋಡಲು ಬಂದ ದಿನ ಜೇಬಿನಲ್ಲಿ ಅಳತೆಯ ಸಾಮಾನು ಇರಲಿಲ್ಲ. ಅದು ದೇವರು ನನ್ನ ಮೇಲಿಟ್ಟ ದಯೆ.

ಅವರು ಬರುವವರೆಗೆ ನಾನು ವಾದ್ಯಕ್ಕೆ ಕಾಲು ತಗಲಬಾರದೆಂದು ಅದನ್ನು ಅಕ್ಕಿ ಡ್ರಮ್ಮಿನ ಮೇಲೆ ಮಲಗಿಸಿದೆ. ಮಧ್ಯಾಹ್ನ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಮುನಿಯಮ್ಮ ಬಂದವಳು ಕಣ್ಣು ಹಾಕಿದಳು. ಬೆರಳು ಮಡಚಿ ತಟ್ಟಿ, "ಒಳ್ಗೆ ಏನೂ ಇಲ್ಲ ಕಣಕ್ಕ, ಬರೀ ಪೊಳ್ಳು. ಒಂದು ಇಡ್ಲಿ ಪಾತ್ರೆ ಕೊಡ್ತೀನಿ. ಬ್ಯಾಡ ಅಂದ್ರೆ ಬುಡಿ," ಎಂದಳು. ಇಡ್ಲಿ ಪಾತ್ರೆ ಚೆನ್ನಾಗಿಯೇ ಇತ್ತು. ಗಿಟಾರು ನನ್ನದಾಗಿದ್ದರೆ ಅವತ್ತೇ ಇಡ್ಲಿ ಆಗುತ್ತಿತ್ತು.

ಸಂಜೆ ನಮ್ಮನೆಯವರು ಕೈಕಾಲು ತೊಳೆದು, ಕನ್ನಡಕ ಏರಿಸಿ, ಕೂದಲಿನ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಹಿಡಿದು ಕೂತರು. ಸ್ಟೆಲ್ಲಾ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. "ನೋಡಮ್ಮ, ಗಿಟಾರಿಗೆ ಆರು ತಂತಿ. ನಮ್ ಫ್ಯಾಕ್ಟ್ರಿ ಕ್ಲಬ್ಬಿನ ಹುಡುಗರದ್ದು ನೋಡಿದ್ದೀನಿ. ಇದಕ್ಕೆ ಹನ್ನೆರಡಿದೆ, ಎರಡೆರಡು ಜೋಡಿಯಾಗಿ. ಹೋಗ್ಲಿ, ಜೋಡಿ ಅಂದ್ಮೇಲೆ ಎರಡೂ ಒಂದೇ ಸೈಜ್ ಇರ್ಬೇಕು ತಾನೆ? ಕೆಳಗಿನ ಎರಡು ಜೋಡಿ ಕರೆಕ್ಟಾಗಿದೆ. ಮಿಕ್ಕಿದ್ದರಲ್ಲೆಲ್ಲ ಒಂದು ದಪ್ಪ, ಇನ್ನೊಂದು ಕೂದಲೆಳೆ. ಕೈಗೆ ಸಿಕ್ಕಿದ್ದೆಲ್ಲ ತಂದು ಬಿಗಿದಿದ್ದಾರೆ. ಕತ್ತು ಬೇರೆ ಬಾಗಿದೆ. ನಮ್ಮಲ್ಲಾಗಿದ್ರೆ ಇದು ರಿಜೆಕ್ಟ್."

"ನಾನ್ ಹೇಳಿರ್ಲಿಲ್ವಾ!" ಎಂದು ಸ್ಟೆಲ್ಲಾ ನಕ್ಕಳು. ಇಷ್ಟು ವರ್ಷದ ವ್ಯಾಜ್ಯದಲ್ಲಿ ಕೊನೆಗೂ ಅವಳೇ ಗೆದ್ದಿದ್ದಳು. ಆದರೆ ನಗು ಮುಗಿದ ಮೇಲೆ ಉಳಿದದ್ದು ಗೆದ್ದವರ ಮುಖವಲ್ಲ. ಅವಳು ಹೋದ ಮೇಲೆ ನೋಡಿದರೆ ಕಾಫಿಯನ್ನು ಬಾಯಿಗೇ ಮುಟ್ಟಿಸಿರಲಿಲ್ಲ.

ನನಗೆ ಸಂಗೀತ ಗೊತ್ತಿಲ್ಲ. ಆದರೆ ಮರುದಿನ ಗಿಟಾರಿನ ಧೂಳು ಒರೆಸುವಾಗ ಬಟ್ಟೆ ಸಿಕ್ಕಿಕೊಂಡು ತಂತಿಗಳು ಮಿಡಿದವು. ವರ್ಷದಿಂದ ಯಾರೂ ಮುಟ್ಟದೆ ಹೆಚ್ಚಿನವು ಅಪಸ್ವರಕ್ಕಿಳಿದಿದ್ದವು. ಒಂದು ಜೋಡಿ ಮಾತ್ರ, ಒಂದು ದಪ್ಪ, ಒಂದು ಕೂದಲೆಳೆ, ಎರಡೂ ಸೇರಿ ಎಷ್ಟು ಹಿತವಾಗಿ ನುಡಿದವೆಂದರೆ ನಾನು ಬಟ್ಟೆ ಕೆಳಗಿಟ್ಟು ಇನ್ನೊಮ್ಮೆ ಮೀಟಿದೆ. ಇದನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಕೇಳದೆ ಏನು? ಪ್ರತಿ ಶುಕ್ರವಾರ ಭಜನೆಯಲ್ಲಿ ನಮ್ಮತ್ತೆಯೂ ನಾನೂ ಪಕ್ಕಪಕ್ಕ ಕೂತು ಹಾಡುತ್ತೇವೆ. ಅವರ ದನಿ ತೆಳ್ಳಗೆ ಗೋಪುರದ ತುದಿಯಲ್ಲಿರುತ್ತದೆ. ನನ್ನದು ಬಾವಿಯ ತಳದಿಂದ ಬರುತ್ತದೆ. ಆದರೂ ಇಬ್ಬರದೂ ಒಂದೇ ಸ್ವರ, ಒಂದು ಮೇಲಿನದು, ಒಂದು ಕೆಳಗಿನದು. ದೇವರು ಇಲ್ಲಿಯವರೆಗೆ ಇಬ್ಬರಲ್ಲಿ ಯಾರನ್ನೂ ರಿಜೆಕ್ಟ್ ಮಾಡಿಲ್ಲ.

ನಮ್ಮನೆಯವರನ್ನು ಕೇಳಿದೆ. "ರೀ, ಬೇಕೂಂತಲೇ ಹಾಗೆ ಕಟ್ಟಿರಬಹುದಲ್ವಾ?"

"ಬೇಕೂಂತ ಯಾರಾದ್ರೂ ಒಂದಕ್ಕೊಂದು ಹೊಂದದೇ ಇರೋದನ್ನ ಜೋಡಿ ಮಾಡ್ತಾರೇನೇ?"

"ಮಾಡಲ್ವೆ? ನಮ್ಮಿಬ್ಬರ ಜಾತಕ ನೋಡಿದೋರು ಮಾಡ್ಲಿಲ್ವೆ?"

ಅವರು ಪೇಪರಿನ ಹಾಳೆ ತಿರುವಿದರು. ಆದರೆ ಶನಿವಾರ ಮಧ್ಯಾಹ್ನ ತಾವಾಗಿಯೇ ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ, "ಆ ಚರ್ಚಿನ ಮೇಷ್ಟ್ರ ಮನೆ ಎಲ್ಲಿ, ಕೇಳು," ಎಂದರು. ಅವರ ಈ ಗುಣವನ್ನು ನಾನು ಹೇಳದಿದ್ದರೆ ಯಾರು ಹೇಳುತ್ತಾರೆ? ತಾವು ಹೇಳಿದ್ದೇ ಸರಿ ಎಂದು ಕೊನೆಯವರೆಗೂ ವಾದಿಸುತ್ತಾರೆ, ಆದರೆ ಇನ್ನೊಬ್ಬರಿಗೆ ತೋರಿಸಲು ಹೆದರುವುದಿಲ್ಲ. ಸ್ಟೆಲ್ಲಾಳನ್ನು ಹೊರಡಿಸುವುದೇ ಕಷ್ಟವಾಯಿತು. "ಬೇಡ ಅಕ್ಕ, ಒಂದ್ಸಲ ಕೇಳಿದ್ದು ಸಾಕು," ಎಂದಳು. "ನಾವಿಬ್ರೂ ಇರ್ತೀವಲ್ಲೇ, ಮರ್ಯಾದೆ ಹೋದ್ರೆ ಮೂರು ಜನರದೂ ಒಟ್ಟಿಗೆ ಹೋಗ್ಲಿ," ಎಂದು ಕೈ ಹಿಡಿದು ಬಸ್ಸು ಹತ್ತಿಸಿದೆ. ಕಂಡಕ್ಟರು ಬೆಡ್‌ಶೀಟಿನಾಚೆ ಇಣುಕುತ್ತಿದ್ದ ಗಿಟಾರು ನೋಡಿ, ನನ್ನ ಕುಂಕುಮ ನೋಡಿ, ಮತ್ತೆ ಗಿಟಾರು ನೋಡಿ, ಟಿಕೆಟ್ ಕೊಟ್ಟ.

ವಿನ್ಸೆಂಟ್ ಮೇಷ್ಟ್ರು ಜಾಲಹಳ್ಳಿಯ ಕಡೆ ಇರುವವರು. ಬಿಚ್ಚಿದ ಕೂಡಲೇ ಅವರು ತಂತಿ ನೋಡಲಿಲ್ಲ. ನಡುವಿನ ದುಂಡು ರಂಧ್ರದ ಅಂಚಿಗೆ ಬೆರಳಿಟ್ಟು ನನ್ನನ್ನೇ ಕರೆದರು. "ಇಲ್ಲಿ ನೋಡಿಮ್ಮ. ಪ್ಲೈವುಡ್ ಆಗಿದ್ರೆ ಪದರ ಪದರ ಕಾಣ್ಬೇಕು. ಮೇಲಿನ ಗೆರೆ ಹಾಗೇ ಕೆಳಗಿನ ತನಕ ಇಳಿದಿದೆ. ಒಂದೇ ಹಲಗೆ. ಹಳೇ ಕಾಲದ್ದು, ಕಷ್ಟಪಟ್ಟು ಮಾಡಿದ್ದು." ಒಳಗೆ ಮಾಡಿದವರ ಹೆಸರಿನ ಚೀಟಿ ಇದ್ದಿರಬೇಕು, ಹುಳ ತಿಂದು ಅಂಟಿನ ಗುರುತಷ್ಟೇ ಉಳಿದಿತ್ತು. ಹಾಗಾಗಿ ಯಾರ ಕೈಯ ಕೆಲಸವೆಂದು ಹೇಳಲಾರೆ ಎಂದರು. ನಮ್ಮನೆಯವರು ಗಂಟಲು ಸರಿ ಮಾಡಿಕೊಂಡು ದಪ್ಪ ತೆಳುವಿನ ವಿಷಯ ಎತ್ತಿದರು. "ಹಾಗೇ ಇರ್ಬೇಕು ಸಾರ್. ಇದು ಹುಟ್ಟಿದ್ದೇ ಹನ್ನೆರಡು ತಂತಿಗೆ. ಒಂದೇ ಸ್ವರ ಎರಡು ಸ್ಥಾಯೀಲಿ ಕೇಳ್ಬೇಕು ಅಂತ ಮಾಡಿರೋದು." ಕತ್ತು ಬಾಗಿದೆಯಲ್ಲ ಎಂದರು ಇವರು. "ಹನ್ನೆರಡು ಜನ ಸೇರಿ ಎಳೆದ್ರೆ ಯಾರ ಕತ್ತಾದ್ರೂ ಬಾಗುತ್ತೆ ಸಾರ್. ಸರಿ ಮಾಡಿಸಬಹುದು."

ಸ್ಟೆಲ್ಲಾ ಇಷ್ಟು ಹೊತ್ತೂ ಸೆರಗಿನ ತುದಿ ತಿರುಚುತ್ತಾ ನಿಂತಿದ್ದಳು. "ಮೇಷ್ಟ್ರೇ, ಅವ್ರು ಇದಕ್ಕೆ ಒಂದು ಬೀರು ದುಡ್ಡು ಕೊಟ್ಟಿದ್ರು. ಮೋಸ ಹೋಗಿದ್ರಾ?"

"ಮೋಸನಾ? ಎರಡು ಬೀರು ದುಡ್ಡು ಕೊಡ್ತೀನಿ, ಈಗಲೇ ಇಟ್ಟು ಹೋಗಮ್ಮ. ಮೋಸ ಹೋದವನು ಮಾರಿದವನು."

ಹೇಳಿ, ಗಿಟಾರಿನ ತಲೆಯ ಕಿವಿಗಳನ್ನು ತಿರುವಿ ತಂತಿಗಳನ್ನು ಒಂದೊಂದಾಗಿ ದಾರಿಗೆ ತಂದು, ಮೆಲ್ಲಗೆ ಎಲ್ಲವನ್ನೂ ಒಟ್ಟಿಗೆ ಸವರಿದರು. ಒಬ್ಬರು ನುಡಿಸಿದರೆ ಒಂದು ಮೇಳವೇ ಎದ್ದು ಕೂತ ಹಾಗಿತ್ತು. ಸ್ಟೆಲ್ಲಾ ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ನನ್ನ ಕಡೆ ತಿರುಗಿ, "ನೋಡಿ ಅಕ್ಕ, ಬದುಕಿದ್ದಾಗ ಒಂದೇ ಒಂದ್ಸಲ ಇಲ್ಲಿಗೆ ಕರ್ಕೊಂಡು ಬಂದು ಹೇಳ್ಸಿದ್ರೆ ನಾನ್ಯಾಕೆ ಬಯ್ತಿದ್ದೆ? ಅಷ್ಟು ಬುದ್ಧಿ ಬೇಡ್ವಾ ಆ ಮನುಷ್ಯಂಗೆ?" ಎಂದಳು. ತಪ್ಪು ಮತ್ತೆ ಆಂಟನಿಯದೇ ಆಯಿತು. ನನಗೆ ಸಮಾಧಾನವಾಯಿತು. ಬೈಗುಳ ಹಾಗೇ ಮುಂದುವರಿದರೆ ಮನುಷ್ಯ ಪೂರ್ತಿ ಹೋಗಿಲ್ಲ ಎಂದೇ ಅರ್ಥ.

ಅವಳು ಮಾರಲಿಲ್ಲ. ಭಾನುವಾರ ಮಂಚ, ಡಬ್ಬ, ಹಂಡೆಗಳೆಲ್ಲ ಲಾರಿಯ ಹಿಂದೆ ಹೋದವು. ತಂತಿ ಸಡಿಲಿಸಿದ ಗಿಟಾರು ಮಾತ್ರ ಮುಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ಕೂತು ಹೋಯಿತು. ಲಾರಿ ತುಮಕೂರು ರಸ್ತೆಗೆ ತಿರುಗಿದ ಮೇಲೆ ನಮ್ಮನೆಯವರು, "ಏನೇ ಹೇಳು, ನನ್ನ ಅಳತೆ ತಪ್ಪಿರ್ಲಿಲ್ಲ," ಎಂದರು. ನಿಜ, ಅಳತೆ ಕೂದಲಷ್ಟೂ ತಪ್ಪಿರಲಿಲ್ಲ.

ಗಂಡ ತಂದ ಸಾಮಾನನ್ನು ಅವನು ಇರುವಾಗಲೇ ಒಂದು ಸಲ ಹೊಗಳಿಬಿಡಬೇಕು ಎಂದು ನಾನು ಅಲ್ಲೇ ನಿಂತು ನಿಶ್ಚಯಿಸಿದೆ. ಹುಡುಕಿದರೆ ನೆನಪಿಗೆ ಬಂದದ್ದು ಅವರು ನನ್ನನ್ನು ಕೇಳದೆ ತಂದ ಬತ್ತಿ ಸ್ಟೋವು. ಅದನ್ನು ನಾನು ಬೈಯದ ಬೆಳಗು ಇಲ್ಲ. ಒಳಗೆ ಬಂದು, ದೇವರನ್ನು ನೆನೆದು, "ರೀ, ಒಳ್ಳೇ ಸ್ಟೋವ್ ತಂದಿದ್ದೀರಿ," ಎಂದೆ. ಅವರು ಕನ್ನಡಕ ಹಾಕಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಯಾಕೆ? ಏನಾಯ್ತು ನಿಂಗೆ?" ಎಂದರು. ಏನಿಲ್ಲ ಎಂದೆ. ಆ ಸ್ಟೋವು ನಿಜವಾಗಿಯೂ ಹೊಗೆಯಾಡುತ್ತದೆ. ಹೇಳಿದ ಮಾತು ಸುಳ್ಳಾಗಬಾರದಲ್ಲ, ಕತ್ತರಿ ತಂದು ಸುಟ್ಟ ಬತ್ತಿಗಳ ತುದಿ ಕತ್ತರಿಸಲು ಕೂತೆ.